ಗಿಟುಕಿನ ಪದಕ್ಕೆ ಎದುರು ಪದ

"ಪದ ಕಟ್ಟಾಕೆ ಅಂತ ನಾನು ಯಾವತ್ತೂ ಕುಂತವಳಲ್ಲ ಕಣವ್ವ. ಕಟ್ಟಾಕೆ ಅಂತ ಕುಂತ್ರೆ ಅದು ಬರಾಕಿಲ್ಲ. ಕಸ ಗುಡಿಸ್ತಾ ಇರ್ತೀನಿ, ಸೋಗೆ ಎಳೀತಾ ಇರ್ತೀನಿ, ಎಲ್ಲಿಂದಲೋ ಒಂದು ಸಾಲು ಬಂದು ಕಾಲಿಗೆ ತೊಡರ್ಕಂತೈತೆ. ಅದನ್ನ ಬಾಯಾಗೆ ಇಟ್ಕಂಡು ಇಡೀ ದಿವ್ಸ ಚಪ್ಪರಿಸ್ತೀನಿ. ಸಂಜೆ ಹೊತ್ಗೆ ಅದಕ್ಕೆ ಇನ್ನೊಂದು ಸಾಲು ಅಂಟ್ಕಂಡಿರ್ತೈತೆ. ಆದ್ರೆ ಒಂದು ಮಾತು ಹೇಳ್ತೀನಿ ಕೇಳು. ನಾನು ಕಟ್ಟಿದ್ದು ಅರ್ಧವೇಯ. ಇನ್ನರ್ಧ ಎದುರಿಗೆ ಕುಂತೋಳ ಬಾಯಾಗೆ ಇರ್ತೈತೆ. ಅವಳು ನನ್ನ ಪದಾನ ಮೊದ್ಲು ಒಂದಕ್ಷರ ಬಿಡದಂಗೆ ತಿರುಗಿ ಹೇಳ್ಬೇಕು, ಆಮೇಲೆ ತನ್ನದು ಹೇಳ್ಬೇಕು. ತಿರುಗಿ ಹೇಳಿದ್ಲು ಅಂದ್ರೆ, ನಿನ್ನ ಪದ ನನ್ನ ಮನಸ್ಗೆ ಬಂತು ಕಣೇ ಅಂತ ಅರ್ಥ. ಎದುರು ಪದ ಬಂತು ಅಂದ್ರೆ, ಎಂಥ ಬೈಗುಳ ಇದ್ರೂ ಅದು ಆಟ. ಬರಲಿಲ್ಲ ಅನ್ನು, ಆಗ ಅದು ಬರೀ ಬೈಗುಳ. ಅಲ್ಲೇ ಉಳ್ಕಂತೈತೆ, ಕಾಲಾಗೆ ಮುಳ್ಳು ಮುರಿದಂಗೆ. ನಂದೊಂದು ಪದ ಹಂಗೆ ಉಳ್ಕಂಡಿತ್ತು, ನಲವತ್ತು ದಿವ್ಸ. ಆ ನಲವತ್ತು ದಿವ್ಸ ನಾನು ಉಣ್ಣಲಿಲ್ಲ ಅಂತ ಸುಳ್ಳು ಹೇಳಾಕಿಲ್ಲ. ಉಂಡಿವ್ನಿ. ಆದ್ರೆ ನಾಲಿಗೆಗೆ ಉಪ್ಪು ಖಾರ ಗೊತ್ತಾಗ್ತಿರಲಿಲ್ಲ ಬುಡು."

ದಂಡಿನಶಿವರದ ತಿಮ್ಮಕ್ಕ ಈ ಮಾತನ್ನು ಎಷ್ಟೋ ಜನಕ್ಕೆ ಹೇಳಿದ್ದಾಳೆ. ಹೇಳುವಾಗೆಲ್ಲ ಅವಳ ಕೈಯಲ್ಲಿ ಏನಾದರೊಂದು ಕೆಲಸ ಇದ್ದೇ ಇರುತ್ತಿತ್ತು. ಸಣ್ಣ ಆಳು, ಗಂಟಲು ಮಾತ್ರ ದೊಡ್ಡದು. ಶಾಲೆಯ ಮುಖ ಕಂಡವಳಲ್ಲ. ಗಂಡ ಹುಚ್ಚಣ್ಣ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರದ ಮನುಷ್ಯ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಮನೆಯ ಹಿಂದೆ ತೆಂಗಿನ ತೋಟ, ಅದರಾಚೆ ರಾಗಿ ಹೊಲ, ಕೊಟ್ಟಿಗೆಯಲ್ಲಿ ಒಂದು ಜೊತೆ ಎತ್ತು, ಒಂದು ಎಮ್ಮೆ. ತಿಮ್ಮಕ್ಕ ಮದುವೆಯಾಗಿ ಬಂದ ವರ್ಷವೇ ಅಣ್ಣ ತಮ್ಮ ಬೇರೆಯಾಗಿದ್ದರು. ಗೋಡೆಯಾಚೆಗೆ ಇದ್ದದ್ದು ಹುಚ್ಚಣ್ಣನ ಅಣ್ಣನ ಮನೆ. ಆ ಮನೆಯಾಕೆ ರಂಗಮ್ಮ, ತಿಮ್ಮಕ್ಕನಿಗೆ ಓರಗಿತ್ತಿ.

ಆ ಕಾಲದಲ್ಲಿ ಮದುವೆ ಎಂದರೆ ಬೀಗರ ಪದ ಇರಲೇಬೇಕು. ಚಪ್ಪರದ ಒಂದು ಬದಿಗೆ ಹೆಣ್ಣಿನ ಕಡೆಯ ಹೆಂಗಸರು, ಇನ್ನೊಂದು ಬದಿಗೆ ಗಂಡಿನ ಕಡೆಯವರು. ಇವರು ಅವರನ್ನು ಹಾಡಿನಲ್ಲಿ ಹೀಯಾಳಿಸಬೇಕು, ಅವರು ಇವರನ್ನು. ಆದರೆ ಹೀಯಾಳಿಕೆಗೆ ಒಂದು ಕಟ್ಟು ಇತ್ತು, ಯಾರೂ ಬಾಯಿಬಿಟ್ಟು ಹೇಳದೆಯೇ ಎಲ್ಲರಿಗೂ ಗೊತ್ತಿದ್ದದ್ದು. ಹಾಡಿದ್ದು ಸುಳ್ಳಾಗಿರಬೇಕು. ನೆಟ್ಟಗೆ ನಡೆಯುವ ಬೀಗನನ್ನು ಕುಂಟ ಎನ್ನಬಹುದು, ಅವನೂ ನಗುತ್ತಾನೆ. ನಿಜವಾಗಿ ಕುಂಟುವವನನ್ನು ಹಾಗೆ ಹಾಡಿದರೆ ಎಲೆ ಮುಂದಿನಿಂದ ಎದ್ದು ಹೋಗುತ್ತಾನೆ.

ಇಂಥ ಒಂದು ಮದುವೆಯಲ್ಲಿಯೇ ತಿಮ್ಮಕ್ಕನಿಗೆ ದಬ್ಬೇಘಟ್ಟದ ಭೈರಮ್ಮ ಸಿಕ್ಕಿದ್ದು. ಕಿಬ್ಬನಹಳ್ಳಿಯಲ್ಲಿ ನಡೆದ ಮದುವೆ. ಇವಳು ಹೆಣ್ಣಿನ ಕಡೆ, ಅವಳು ಗಂಡಿನ ಕಡೆ. ಇಬ್ಬರೂ ಹಾಡಿ ಹಾಡಿ ಊಟದ ಪಂಕ್ತಿ ಎರಡು ಸಲ ತಡವಾಯಿತು. ಕೊನೆಗೆ ಅಡುಗೆಯವನೇ ಸೌಟು ಹಿಡಿದುಕೊಂಡು ಬಂದು, "ಅವ್ವಾ, ನೀವಿಬ್ರೂ ಬಾಯಿ ಮುಚ್ಚಿದ್ರೆ ಮಿಕ್ಕೋರು ಬಾಯಿ ತೆರೀಬೋದು" ಅಂದ. ಊಟವಾದ ಮೇಲೆ ಕೈ ತೊಳೆಯುವಲ್ಲಿ ಭೈರಮ್ಮ ಹತ್ತಿರ ಬಂದಳು. ದಪ್ಪನೆಯ, ಕಪ್ಪನೆಯ, ಹಲ್ಲು ಮುಂದೆ ಇದ್ದ ಹೆಂಗಸು. ತಿಮ್ಮಕ್ಕ ಅವತ್ತು ಹಾಡಿದ ಪದದಲ್ಲಿ ಒಂದನ್ನು ಮೊದಲಿಂದ ಕೊನೆಯವರೆಗೆ ತಿರುಗಿ ಹೇಳಿದಳು. ಆಮೇಲೆ, "ಇದು ಯಾರು ಹೇಳ್ಕೊಟ್ಟಿದ್ದೇ?" ಅಂದಳು.

"ಯಾರೂ ಇಲ್ಲ. ಈಗ್ಲೇ ಬಂತು."

"ನಂದೂ ಹಂಗೇಯ. ಮನೇಲಿ ಹೇಳಿದ್ರೆ ತಲೆ ಕೆಟ್ಟೈತೆ ಅಂತಾರೆ."

"ನಮ್ಮನೇಲಿ ಅದನ್ನೂ ಅನ್ನಾಕಿಲ್ಲ. ಎದ್ದು ಹೋಯ್ತಾರೆ."

ಇಬ್ಬರೂ ನಕ್ಕರು. ಅಲ್ಲಿಂದ ಶುರುವಾದದ್ದು ಹತ್ತು ಹನ್ನೆರಡು ವರ್ಷ ನಡೆಯಿತು. ಇಬ್ಬರಿಗೂ ಓದು ಬರಹವಿಲ್ಲ, ಕಾಗದ ಹಾಕುವ ಮಾತೇ ಇಲ್ಲ. ಮೊರ, ಕುಕ್ಕೆ ಮಾರುತ್ತ ಊರೂರು ತಿರುಗುತ್ತಿದ್ದ ದುರ್ಗಯ್ಯನೇ ಅವರ ಅಂಚೆ. ಅವನಿಗೆ ಒಮ್ಮೆ ಕೇಳಿದ್ದು ಮರೆಯುತ್ತಿರಲಿಲ್ಲ. ತಿಮ್ಮಕ್ಕ ಅಂಗಳದಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟು ಪದ ಹೇಳಿದರೆ, ಎಂಟು ದಿನಕ್ಕೋ ಹದಿನೈದು ದಿನಕ್ಕೋ ಅದು ದಬ್ಬೇಘಟ್ಟ ಮುಟ್ಟುತ್ತಿತ್ತು. ಮಳೆ ಬಾರದ ಒಂದು ವರ್ಷ ತಿಮ್ಮಕ್ಕ ಹೀಗೆ ಹೇಳಿ ಕಳಿಸಿದಳು:

ನಮ್ಮೂರ ಮ್ಯಾಲಾಸಿ ಹೋಯ್ತಲ್ಲ ಮಳೆಮೋಡ
ಒಂದ್ಹನಿಯ ಉದುರಿಸದೆ ಬಿಂಕದಲಿ ಹೋಯ್ತಲ್ಲ
ಯಾರೂರ ದಾರಿ ಹಿಡಿದೈತೊ

ದುರ್ಗಯ್ಯ ತಿರುಗಿ ಬಂದಾಗ ಮೊರದ ಹೊರೆ ಇಳಿಸುವ ಮೊದಲೇ, "ಬಂದೈತೆ ಕಣವ್ವ" ಅಂದ. ಮೊದಲು ತಿಮ್ಮಕ್ಕನ ಪದವನ್ನು ಭೈರಮ್ಮನ ಹೆಸರಲ್ಲಿ ತಿರುಗಿ ಹೇಳಿದ. ಆಮೇಲೆ:

ಬಿಂಕದ ಮೋಡವ ನಾನೇ ತಡೆದು ಕೇಳೀನಿ
ತಿಮ್ಮಕ್ಕನೂರ ಬಿಟ್ಟು ಬಂದ್ಯಾಕೆ ಅಂದೀನಿ
ಹಾಡ ಕೇಳುತ ಮಳೆಯ ಮರೆತಂತೆ

ಅವತ್ತು ತಿಮ್ಮಕ್ಕ ದುರ್ಗಯ್ಯನಿಗೆ ಬರೀ ಮಜ್ಜಿಗೆ ಕೊಡಲಿಲ್ಲ, ಊಟ ಹಾಕಿದಳು. ಆ ಮೂರು ಸಾಲನ್ನು ಎಮ್ಮೆಗೂ ಹೇಳಿದಳು, ಬಾವಿಗೂ ಹೇಳಿದಳು.

ಎಪ್ಪತ್ತಾರನೇ ಇಸವಿಯ ವೈಶಾಖದಲ್ಲಿ ರಂಗಮ್ಮನ ಮಗಳು ಸರ್ವಮಂಗಳಳಿಗೆ ಮದುವೆಯಾಯಿತು. ಗಂಡು ದಬ್ಬೇಘಟ್ಟದವನು, ಅದೂ ಭೈರಮ್ಮನ ಪಕ್ಕದ ಮನೆಯವನು. ಗಂಡಿನ ತಾಯಿ ಚಿಕ್ಕಗೌರಮ್ಮ ಹಾಡುವವಳಲ್ಲ, ಹರಟೆಯವಳಲ್ಲ. ಮನೆಯ ಮರ್ಯಾದೆ ಎಂದರೆ ಸೆರಗಿನ ಗಂಟಿನಷ್ಟು ಬಿಗಿಯಾಗಿ ಹಿಡಿದವಳು. ತಿಮ್ಮಕ್ಕನಿಗೆ ಹಿಗ್ಗೋ ಹಿಗ್ಗು. ಮಗಳಂತೆ ಎತ್ತಿ ಆಡಿಸಿದ ಹುಡುಗಿ ಭೈರಮ್ಮನ ಗೋಡೆಯಾಚೆ ಬಾಳುತ್ತಾಳೆ, ಇನ್ನು ಮೇಲೆ ಪದಗಳಿಗೆ ದುರ್ಗಯ್ಯನೊಬ್ಬನೇ ಗತಿಯಲ್ಲ ಎಂದು.

ಆ ಮದುವೆಗೆ ರಂಗಮ್ಮನ ಗಂಡ ತುರುವೇಕೆರೆಯಿಂದ ಮೈಕ್‌ಸೆಟ್ ತರಿಸಿದ್ದ. ಬೀದಿಯ ಕಡೆಯ ತೆಂಗಿನ ಮರಕ್ಕೆ ಅದರ ಹಾರ್ನ್ ಕಟ್ಟಿ, ಬೆಳಗಿನಿಂದ ಗ್ರಾಮಫೋನ್ ತಟ್ಟೆ ಹಾಕಿ ಹಾಡು ಕೂಗಿಸುತ್ತಿದ್ದರು. ಧಾರೆ ಮುಗಿದು ಹೆಂಗಸರು ಎದುರುಬದುರು ಕೂತಾಗ ಮೈಕಿನವನು ತಟ್ಟೆ ನಿಲ್ಲಿಸಿ, "ಇದನ್ನೂ ಕೂಗಿಸಾನ" ಅಂತ ಮೈಕು ತಂದು ತಿಮ್ಮಕ್ಕನ ಮುಂದೆ ನಿಲ್ಲಿಸಿದ. ಅವಳು ಮೈಕಿನ ಮುಂದೆ ಹಾಡಿದ್ದು ಅದೇ ಮೊದಲು. ತನ್ನ ದನಿ ಮರದ ಮೇಲಿಂದ ಬರುವುದು ಕೇಳಿ ಮೈಯೆಲ್ಲ ಜುಮ್ಮೆಂದಿತು.

ಬೀಗರ ಒಡವೆ ಎರವಲು, ಬೀಗರ ಸೀರೆ ಎರವಲು ಎಂದು ಹಾಡುವುದು ಎಲ್ಲ ಊರಲ್ಲೂ ಇದ್ದದ್ದೇ. ತಿಮ್ಮಕ್ಕನಿಗೆ ಅದು ಹಳಸಿದ ಸಾರಿನಂತೆ ಅನ್ನಿಸಿತು. ಯಾರೂ ಹಾಡದ ಸುಳ್ಳು ಹಾಡಬೇಕು, ಕೇಳಿದವರು ಇದೆಲ್ಲಾದರೂ ಉಂಟಾ ಎನ್ನಬೇಕು. ಗಂಡಿನ ಕಡೆಯವರು ತಂದಿಟ್ಟ ತಟ್ಟೆಗಳ ಕಡೆ ಕಣ್ಣು ಹೋಯಿತು. ತಟ್ಟೆಯ ತುಂಬ ಗಿಟುಕು. ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಿ, ನೀರು ಬತ್ತಿ, ಚಿಪ್ಪು ಬಿಟ್ಟು ಇಡಿಯಾಗಿ ಬಂದ ಕೊಬ್ಬರಿ. ಈ ಸೀಮೆಯಲ್ಲಿ ಉಪ್ಪು ಎರವಲು ತಂದಾರು, ಗಿಟುಕು ತಂದಾರೆಯೇ? ಅದಕ್ಕಿಂತ ದೊಡ್ಡ ಸುಳ್ಳು ಬೇರೆ ಇಲ್ಲ ಎಂದುಕೊಂಡು ಗಂಟಲೆತ್ತಿದಳು:

ಸರ ಎರವು ತಂದೋರ ನೂರು ಮಂದಿ ಕಂಡೀವಿ
ಸೀರೆ ಎರವು ತಂದೋರ ಸಾವಿರವ ಕಂಡೀವಿ
ತೆಂಗಿನ ಸೀಮೇಲಿ ಗಿಟುಕು ಎರವು ತಂದೋರ
ಇವತ್ತೆ ಕಂಡೀವಿ ಬೀಗಿತ್ತಿ ನಿನ್ನಿಂದ

ಹೆಣ್ಣಿನ ಕಡೆಯವರು ಘೊಳ್ಳೆಂದರು. ಗಂಡಿನ ಕಡೆಯವರು ನಗಲು ಹೊರಟವರು ಚಿಕ್ಕಗೌರಮ್ಮನನ್ನು ನೋಡಿ ತಡೆದುಕೊಂಡರು. ಅವಳ ಮುಖ ಸುಣ್ಣವಾಗಿತ್ತು. ಎಲೆ ಅಡಿಕೆಯ ತಟ್ಟೆಯನ್ನು ನೆಲಕ್ಕಿಟ್ಟು, ನಿಧಾನವಾಗಿ ತಿರುಗಿ ಪಕ್ಕದಲ್ಲಿದ್ದ ಭೈರಮ್ಮನನ್ನು ನೋಡಿದಳು. ತಿಮ್ಮಕ್ಕ ಎದುರು ಪದಕ್ಕೆ ಕಿವಿಗೊಟ್ಟು ಕೂತಳು. ಭೈರಮ್ಮ ಬಾಯಿ ತೆರೆಯಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಮೈಕಿನವನು ಸ್ವಲ್ಪ ಹೊತ್ತು ಕಾದು ಮತ್ತೆ ಹಾಡಿನ ತಟ್ಟೆ ಹಾಕಿದ.

ಮದುವೆ ಮುಗಿಯಿತು, ಹುಡುಗಿ ಹೋದಳು. ಏನೋ ಆಯಿತು ಎಂದು ತಿಮ್ಮಕ್ಕನಿಗೆ ಗೊತ್ತು, ಏನೆಂದು ಗೊತ್ತಿಲ್ಲ. ದುರ್ಗಯ್ಯ ಬಂದಾಗ, "ಯಾಕೇ ಸುಮ್ಮಗಾದೆ" ಎಂಬರ್ಥದ ಒಂದು ಪದ ಹೇಳಿ ಕಳಿಸಿದಳು. ಅವನು ಹತ್ತು ದಿನದ ಮೇಲೆ ಬಂದು ಹೊರೆ ಇಳಿಸದೆ ನಿಂತೇ ಹೇಳಿದ:

"ಕೇಳಿಸ್ಕಳ್ಳಲೇ ಇಲ್ಲ ಕಣವ್ವ. ಬಾಯಿ ತೆಗೀತಿದ್ದಂಗೆ ಕೈ ಅಡ್ಡ ಹಿಡಿದ್ರು. ಮೊರ ಬೇಕಾದ್ರೆ ಕೊಡು, ಪದ ಬ್ಯಾಡ ಅಂದ್ರು."

ಅದೇ ವಾರ ರಂಗಮ್ಮನ ಗಂಡ ಆಷಾಢಕ್ಕೆ ಮಗಳನ್ನು ಕರೆತರುವ ದಿನ ಗೊತ್ತು ಮಾಡಲು ದಬ್ಬೇಘಟ್ಟಕ್ಕೆ ಹೋಗಿ ಬಂದ. ಮಜ್ಜಿಗೆ ಕೊಟ್ಟು, "ಈ ವರ್ಷ ಕಳಿಸಾಕೆ ಆಗಾಕಿಲ್ಲ" ಅಂದು ಕಳಿಸಿದ್ದರು. ಮದುವೆಯಾದ ಮೊದಲ ಆಷಾಢದಲ್ಲಿ ಹೆಣ್ಣು ತವರಿಗೆ ಬಾರದಿದ್ದರೆ ಊರು ಸುಮ್ಮನಿರುತ್ತದೆಯೇ? ರಂಗಮ್ಮ ಗೋಡೆಯಾಚೆಯಿಂದಲೇ ಶುರುಮಾಡಿದಳು.

"ಹಾಡು ಹಾಡು! ಇನ್ನೂ ಗಟ್ಟಿಯಾಗಿ ಹಾಡು! ನಿನ್ನ ಪದದ ಹುಚ್ಚಿಗೆ ನನ್ನ ಮಗಳು ಅಲ್ಲಿ ಕಣ್ಣೀರು ಕುಡೀತಾ ಕುಂತವ್ಳೆ!"

"ಅಕ್ಕಾ, ನಾನೇನು ಬೇಕೂ ಅಂತ..."

"ಬೇಕು ಅಂತ್ಲೋ ಬ್ಯಾಡ ಅಂತ್ಲೋ, ಮರದ ಮ್ಯಾಲಿಂದ ಕೂಗಿದ್ದು ನೀನೇ ತಾನೆ?"

ತಿಮ್ಮಕ್ಕ ಮಾರನೆಯ ದಿನ ಬೆಳಗಿನ ಬಸ್ಸಿಗೆ ಹೊರಟಳು. ತುರುವೇಕೆರೆಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ದಬ್ಬೇಘಟ್ಟ ಸೇರುವಾಗ ಬಿಸಿಲು ನೆತ್ತಿಗೆ ಬಂದಿತ್ತು.

ಭೈರಮ್ಮ ಅಂಗಳದಲ್ಲಿ ಭತ್ತ ಹರಡುತ್ತಿದ್ದಳು. ತಲೆ ಎತ್ತಿ ನೋಡಿ ಮತ್ತೆ ಹರಡತೊಡಗಿದಳು.

"ಬಂದ್ಯಾ. ನೀರು ಕುಡಿ. ಮೂರು ಗಂಟೆಗೆ ಬಸ್ಸೈತೆ."

"ನನ್ನ ಓಡಿಸಾಕೆ ಮುಂಚೆ ನಾನೇನು ಮಾಡ್ದೆ ಅಂತಾನಾದ್ರೂ ಹೇಳೇ."

ಭೈರಮ್ಮ ಕೈಯಲ್ಲಿದ್ದ ಭತ್ತವನ್ನು ಒದರಿದಳು. "ಗಿಟುಕು ನಂದು ಕಣೇ!" ಅಂದಳು, ಗೋಡೆಯಾಚೆಗೆ ಕೇಳಿಸದಂತೆ. "ಕಾರ್ತೀಕದಾಗೆ ಗೌರಿ ಮನೆ ಅಟ್ಟದ ತೊಲೆ ಗೆದ್ದಲು ತಿಂದು ಮುರಿದು ಬಿತ್ತು. ಕಾಯೆಲ್ಲ ಬಿದ್ದು ಸೀಳಿದ್ವು, ಒಳಗೆ ನೀರಿತ್ತು, ಹುಳಿ ಹಿಡಿದು ನಾರ್ತಿದ್ವು. ಮದುವೆಗೆ ಒಂದು ಗಿಟುಕೂ ಉಳೀಲಿಲ್ಲ. ನನ್ನ ಅಟ್ಟದಿಂದ ಗೋಣಿಚೀಲದಾಗೆ ಹಾಕಿ, ಮ್ಯಾಲೆ ಸೊಪ್ಪು ಮುಚ್ಚಿ ಕೊಟ್ಟೆ. ಅವಳ ಗಂಡಂಗೂ ಗೊತ್ತಿಲ್ಲ, ಸಂತೇಲಿ ಕೊಂಡಿದ್ದು ಅಂತ ತಿಳ್ಕಂಡವ್ರೆ. ನನಗೂ ಅವಳಿಗೂ ಮಾತ್ರ. ನೀನು ಮೈಕಿನಾಗೆ ಕೂಗಿದೆ. ಈಗ ಹೇಳು, ಅವಳು ಯಾರು ಹೇಳಿದ್ರು ಅಂತ ತಿಳ್ಕಂತಾಳೆ?"

ತಿಮ್ಮಕ್ಕ ಭತ್ತದ ಅಂಚಿಗೇ ಕೂತಳು. "ನಿಜವಾಗ್ಲೂ ಎರವಲಾ?"

"ಅಯ್ಯೋ ನಿನ್ನ! ಗೊತ್ತಿಲ್ದೆ ಹಾಡಿದ್ಯಾ?"

"ಆಗದೇ ಇರೋ ಮಾತು ಅಂತ ಹಾಡ್ದೆ ಕಣೇ. ಗಿಟುಕು ಯಾರಾದ್ರೂ ಎರವಲು ತತ್ತಾರಾ ಅಂತ..."

ಭೈರಮ್ಮ ಅವಳ ಎದುರಿಗೇ ಕುಕ್ಕರಗಾಲಲ್ಲಿ ಕೂತಳು. ಆಮೇಲೆ, "ಗೌರೀನೂ ನಾನೂ ಹತ್ತು ವರ್ಷದಿಂದ ಮಾತಾಡ್ತಿದ್ದೋರು. ನನ್ನ ಜೊತೆ ಈಗ ಬೆಂಕಿ ಕಡ್ಡಿಗೂ ಬರಾಕಿಲ್ಲ. ಪದ ಕಟ್ಟೋರೆಲ್ಲ ಒಂದೇ ಜಾತಿ ಅಂದ್ಲು" ಅಂದಳು. ಎದ್ದು ಸೆರಗು ಕೊಡವಿ, "ಬಾ" ಅಂದಳು.

ಚಿಕ್ಕಗೌರಮ್ಮ ಒಳಗಿನ ಹಜಾರದಲ್ಲಿ ಅವರೆಕಾಳು ಆರಿಸುತ್ತಿದ್ದಳು. "ಬನ್ನಿ ಬೀಗ್ರೇ" ಎಂದು ಚಾಪೆ ಹಾಕಿದಳು, ಅಷ್ಟೇ. ಸರ್ವಮಂಗಳ ನೀರು ತಂದಿಟ್ಟು, ಚಿಕ್ಕವ್ವನ ಮುಖವನ್ನು ಒಂದು ಗಳಿಗೆ ನೋಡಿ, ಬಾಗಿಲ ಹಿಂದಕ್ಕೆ ಸರಿದಳು. ತಿಮ್ಮಕ್ಕ ನಡೆದದ್ದನ್ನೆಲ್ಲ ಹೇಳಿದಳು. ತಟ್ಟೆ ಕಂಡದ್ದು, ಸುಳ್ಳು ಹುಡುಕಿದ್ದು, ಸಾಲು ಬಂದದ್ದು.

"ಸಾವಿರ ಸುಳ್ಳು ಬಿದ್ದಿರೋವಾಗ," ಚಿಕ್ಕಗೌರಮ್ಮ ಕಾಳಿನಿಂದ ಕಣ್ಣೆತ್ತದೆ ಅಂದಳು, "ನಿಮ್ಮ ಬಾಯಿಗೆ ನಿಜವೇ ಬಂತು. ಅದನ್ನ ನಾನು ನಂಬಬೇಕು."

"ನಂಬ್ಬೇಡಿ. ನಾನೂ ನಂಬ್ತಿರಲಿಲ್ಲ." ತಿಮ್ಮಕ್ಕ ಚಾಪೆಯ ಅಂಚಿಗೆ ಸರಿದಳು. "ಹಾಡಿದ್ದನ್ನ ಹಿಂದಕ್ಕೆ ತಗಳ್ಳಾಕೆ ಆಗಾಕಿಲ್ಲ. ಎದುರು ಪದ ಒಂದೇ ಅದಕ್ಕೆ ಮದ್ದು. ಭೈರಿ ಹೇಳ್ಲಿ. ನಾನು ನಿಮ್ಮನೆ ನಿಜ ಹಾಡಿವ್ನಿ, ಅವಳು ನಮ್ಮನೆ ನಿಜ ಹಾಡ್ಲಿ. ಏನು ಅಂತ ನಾನೇ ಹೇಳ್ಕೊಡ್ತೀನಿ."

"ಏನು ಹೇಳ್ಕೊಡ್ತೀಯೇ?" ಅಂದಳು ಭೈರಮ್ಮ.

ತಿಮ್ಮಕ್ಕ ಬಲಗೈ ಮುಂದೆ ಚಾಚಿದಳು. ಮಣಿಕಟ್ಟು ಒಂದು ಬದಿಗೆ ಉಬ್ಬಿತ್ತು. "ಹನ್ನೆರಡು ವರ್ಷದೋಳಿದ್ದಾಗ ಗಾಡಿಯಿಂದ ಬಿದ್ದೆ. ಕಟ್ಟು ಹಾಕಿದೋನು ಸೊಟ್ಟಗೆ ಹಾಕ್ದ. ಕೋಲು ಹಿಡಿದು ಮುದ್ದೆ ತಿರುವಾಕೆ ಆಗಾಕಿಲ್ಲ. ತಿರುವಿದ್ರೆ ಬರೀ ಗಂಟು. ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು, ನಮ್ಮನೇಲಿ ಮುದ್ದೆ ತಿರುವೋರು ನಮ್ಮ ಯಜಮಾನ್ರು. ಕದ ಮುಚ್ಕಂಡು. ಗೋಡೆಯಾಚೆ ಇರೋ ಓರಗಿತ್ತಿಗೂ ಗೊತ್ತಿಲ್ಲ."

ಬಾಗಿಲ ಹಿಂದೆ ಬಳೆ ಸದ್ದಾಯಿತು. ಚಿಕ್ಕಗೌರಮ್ಮನ ಕೈ ಕಾಳಿನಲ್ಲೇ ನಿಂತಿತ್ತು.

"ಹುಚ್ಚಣ್ಣಾರಾ?" ಅಂದಳು. "ಅಷ್ಟೆತ್ತರದ ಮನುಷ್ಯ? ಒಲೆ ಮುಂದೆ?"

"ಬಗ್ಗಿ ಬಗ್ಗಿ ಸೊಂಟ ನೋವು ಬಂದೈತೆ, ಪಾಪ."

ಚಿಕ್ಕಗೌರಮ್ಮನ ತುಟಿಯ ಒಂದು ಮೂಲೆ ಅಲ್ಲಾಡಿತು, ಮತ್ತೆ ಬಿಗಿಯಿತು. "ನನ್ನ ಮರ್ಯಾದೆ ಮರದ ಮ್ಯಾಲಿಂದ ಹೋಯ್ತು. ನಾಲ್ಕು ಗೋಡೆ ಒಳಗೆ ಪದ ಹೇಳಿದ್ರೆ ಅದು ತಿರುಗಿ ಬರಾಕಿಲ್ಲ. ಅದೇ ಊರಲ್ಲಿ, ಅದೇ ಮೈಕಿನಾಗೆ ಆಗ್ಬೇಕು."

ದಂಡಿನಶಿವರದ ಕೆಂಚಯ್ಯನ ಮಗಳನ್ನೂ ದಬ್ಬೇಘಟ್ಟಕ್ಕೇ ಕೊಡುವುದಾಗಿತ್ತು. ಜ್ಯೇಷ್ಠದ ಕೊನೆಯ ಲಗ್ನ. ಭೈರಮ್ಮ, ಚಿಕ್ಕಗೌರಮ್ಮ ಇಬ್ಬರೂ ಗಂಡಿನ ಕಡೆಯಿಂದ ದಿಬ್ಬಣಕ್ಕೆ ಹೋಗಲೇಬೇಕಿತ್ತು.

"ಆಗ ಹೇಳ್ತೀನಿ," ಅಂದಳು ಭೈರಮ್ಮ. "ಆದ್ರೆ ಗೌರಿ, ಎದುರು ಪದ ಹೇಳ್ಬೇಕಾದ್ರೆ ಮೊದ್ಲು ಅವಳ ಪದಾನ ತಿರುಗಿ ಹೇಳ್ಬೇಕು. ಗಿಟುಕಿನ ಮಾತು ಇನ್ನೊಂದು ಸಲ ಮೈಕಿನಾಗೆ ಬತ್ತದೆ. ಅದು ಬಿಟ್ಟು ಹೇಳಿದ್ರೆ ನಂದು ಪದ ಆಗಾಕಿಲ್ಲ, ಜಗಳ ಆಗ್ತೈತೆ."

ಚಿಕ್ಕಗೌರಮ್ಮ ಆರಿಸಿದ ಕಾಳನ್ನು ಒಂದು ಬದಿಗೆ ಸರಿಸಿದಳು. "ನಾನು ಅಲ್ಲೇ ಕುಂತಿರ್ತೀನಿ," ಅಂದಳು. "ಕೇಳಿದ ಮ್ಯಾಲೆ ನನ್ನ ಮನಸ್ಸಿಗೆ ಏನನ್ನಿಸ್ತೈತೋ ನೋಡ್ತೀನಿ. ಹುಡುಗೀನ ಕಳಿಸೋ ಮಾತು ಆಮೇಲೆ."

ಮನೆಗೆ ಬಂದ ತಿಮ್ಮಕ್ಕನಿಗೆ ಇನ್ನೊಂದು ಕಷ್ಟ ಕಾದಿತ್ತು. ಗುಟ್ಟು ಅವಳೊಬ್ಬಳದಲ್ಲ. ಹುಚ್ಚಣ್ಣ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು. ಅವನು ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಮೈಕಿನಾಗಾ?"

"ಹೂಂ."

"ಊರಿಗೆಲ್ಲ ಕೇಳಂಗಾ?"

"ಹೂಂ. ನೀವು ಬ್ಯಾಡ ಅಂದ್ರೆ ಬ್ಯಾಡ ಅಂತ ಹೇಳಿ ಕಳಿಸ್ತೀನಿ."

ಹುಚ್ಚಣ್ಣ ಹಗ್ಗದ ಎಳೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿದ. "ಅರಳೀಕಟ್ಟೆ ಹತ್ರ ಒಂದು ತಿಂಗಳು ನಗ್ತಾರೆ. ಎರಡನೇ ತಿಂಗಳು ಇನ್ಯಾರದೋ ಸಿಗ್ತೈತೆ." ಎಳೆಯನ್ನು ಇನ್ನೊಮ್ಮೆ ಎಳೆದು ಅಂದ, "ಮಂಗಳ ಚಿಕ್ಕೋಳಿದ್ದಾಗ ನನ್ನ ಹೆಗಲ ಮ್ಯಾಲೇ ಇರ್ತಿದ್ಲು. ಹಾಡ್ಲಿ ಬುಡು."

ಕೆಂಚಯ್ಯನ ಮನೆಯ ಮದುವೆಯ ದಿನ ದಿಬ್ಬಣದ ಬಸ್ಸು ನಿಂತಾಗ ರಂಗಮ್ಮ ಇಳಿದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಚಿಕ್ಕಗೌರಮ್ಮ ಇಳಿದಳು. ಸೊಸೆಯನ್ನು ಕರೆತಂದಿರಲಿಲ್ಲ. ರಂಗಮ್ಮ ತಿಮ್ಮಕ್ಕನ ಕಡೆ ಒಂದು ನೋಟ ಎಸೆದು ಒಳಗೆ ಹೋದಳು.

ಮಧ್ಯಾಹ್ನ ಹೆಂಗಸರು ಎದುರುಬದುರು ಕೂತರು. ಭೈರಮ್ಮ ತಾನೇ ಕೈಮಾಡಿ ಮೈಕಿನವನನ್ನು ಕರೆದಳು. ಎಲ್ಲರ ಕಣ್ಣು ಅವಳ ಮೇಲೆ, ಆಮೇಲೆ ತಿಮ್ಮಕ್ಕನ ಮೇಲೆ. ಹಳೆಯ ಮದುವೆಯ ಸುದ್ದಿ ತಿಳಿಯದವರು ಅಲ್ಲಿ ಯಾರೂ ಇರಲಿಲ್ಲ. ಭೈರಮ್ಮ ಮೊದಲು ತಿಮ್ಮಕ್ಕನ ಪದವನ್ನು ತಿರುಗಿ ಹೇಳಿದಳು. ಸರ ಎರವು, ಸೀರೆ ಎರವು, ಗಿಟುಕು ಎರವು, ಒಂದಕ್ಷರ ಬಿಡಲಿಲ್ಲ. "ಬೀಗಿತ್ತಿ ನಿನ್ನಿಂದ" ಎನ್ನುವಾಗ ಯಾರೋ ಅಯ್ಯಯ್ಯೋ ಅಂದರು. ಚಿಕ್ಕಗೌರಮ್ಮ ಕಂಬಕ್ಕೊರಗಿ ನೆಟ್ಟಗೆ ಕೂತಿದ್ದಳು. ನಲವತ್ತು ದಿನದ ಮೇಲೆ ತನ್ನ ಪದ ಆ ಬಾಯಲ್ಲಿ ಕೇಳಿ ತಿಮ್ಮಕ್ಕನ ಕಣ್ಣು ತುಂಬಿ ಬಂತು, ಎದುರಿಗಿದ್ದವರೆಲ್ಲ ಮಂಜಾದರು. ಭೈರಮ್ಮ ಉಸಿರೆಳೆದುಕೊಂಡಳು:

ಗಿಟುಕು ಎರವು ತಂದೀವಿ, ಇಲ್ಲಂದೋರು ಯಾರವ್ವ
ಅಟ್ಟ ಮುರಿದು ಬಿದ್ದರೆ ನೆರೆಮನೆಯ ಅಟ್ಟವುಂಟು
ಮುದ್ದೆ ಎರವು ತರುವೋಕೆ ಯಾರ ಮನೆಗೆ ಹೋಗಾನ
ಕದವ ಮುಚ್ಚೆ ತಿಮ್ಮಕ್ಕ, ಗಂಡ ಕೋಲು ಹಿಡಿದಾನೆ

ಚಪ್ಪರ ಹಾರಿ ಹೋಗುವಂತೆ ನಗು. ಹೊರಗೆ ಎಲೆ ಹಾಕುತ್ತಿದ್ದ ಗಂಡಸರು, "ಹುಚ್ಚಣ್ಣಾ, ಹೌದೇನ್ಲಾ?" ಎಂದು ಕೂಗಿದ್ದೂ ಮೈಕಿನಲ್ಲಿ ಬಂತು. ಹುಚ್ಚಣ್ಣ ಸಾರಿನ ಬಕೆಟ್ಟು ಹಿಡಿದುಕೊಂಡೇ, "ಹೌದು ಕಣ್ರಲಾ. ನಿಮ್ಮ ಮನೇಲಿ ಗಂಟು ಬಂದ್ರೆ ನನ್ನ ಕರೀರಿ" ಅಂದ. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಯಾರೂ ಕೇಳಿರಲಿಲ್ಲ. ರಂಗಮ್ಮ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದಳು. "ಇಪ್ಪತ್ತೆರಡು ವರ್ಷ!" ಅಂದಳು. "ಹೊಗೆ ಆಡಾಕಿಲ್ವಾ, ಯಾಕೇ ಕದ ಮುಚ್ತೀಯ ಅಂತ ದಿನಾ ಕೇಳ್ತಿದ್ದೆ. ನಾನೊಂದು ಪೆದ್ದಿ!"

ತಿಮ್ಮಕ್ಕ ನಗಲಿಲ್ಲ. ಅವಳು ಚಿಕ್ಕಗೌರಮ್ಮನನ್ನೇ ನೋಡುತ್ತಿದ್ದಳು. ಚಿಕ್ಕಗೌರಮ್ಮ ನಗುತ್ತಿರಲಿಲ್ಲ. ಏನನ್ನೋ ಬಾಯೊಳಗೆ ಹೊರಳಿಸುವಂತೆ ತುಟಿ ಆಡುತ್ತಿತ್ತು. ತಿಮ್ಮಕ್ಕನಿಗೆ ಆ ತುಟಿಯ ಆಟ ಗೊತ್ತು. ಆದರೆ ಹಾಡದವಳ ಬಾಯಲ್ಲಿ ಅದನ್ನು ನಿರೀಕ್ಷಿಸಿರಲಿಲ್ಲ. ಚಿಕ್ಕಗೌರಮ್ಮ ಕಂಬ ಬಿಟ್ಟು ಮುಂದೆ ಜರುಗಿ, ಭೈರಮ್ಮನ ಮುಂದಿದ್ದ ಮೈಕನ್ನು ಹಾವು ಮುಟ್ಟಿದ ಹಾಗೆ ಮುಟ್ಟಿ ತನ್ನ ಕಡೆಗೆ ಎಳೆದುಕೊಂಡಳು. ರಾಗವಿಲ್ಲ. ದನಿ ಒಡೆಯುತ್ತಿತ್ತು.

ಗಿಟುಕು ಎರವು ತಂದಿದ್ದೆ, ಮುಂದಿನ್ವರ್ಷ ಕೊಟ್ಟೇನು
ಸೊಸೆಯ ಎರವು ಕೊಡುತೀನಿ ಆಷಾಢಕ್ಕೆ ಬೀಗಿತ್ತಿ
ತಿಂಗಳು ತುಂಬಿದ ದಿವ್ಸ, ಒಂದು ದಿವ್ಸಾನೂ ತಡ ಮಾಡದೆ, ತಿರುಗಿ ಕಳಿಸಿಕೊಡ್ಬೇಕು

ಕೊನೆಯ ಸಾಲು ಹಳ್ಳ ಕಟ್ಟೆ ದಾಟಿದಂತೆ ಎಲ್ಲೋ ಹರಿದು ಹೋಗಿತ್ತು. ಹುಡುಗಿಯೊಬ್ಬಳು ಕಿಸಕ್ಕೆಂದಳು. ತಿಮ್ಮಕ್ಕ ಕೈ ಎತ್ತಿ ಅವಳನ್ನು ಸುಮ್ಮನಾಗಿಸಿದಳು. ಕಣ್ಣು ಮುಚ್ಚಿ, ಮೂರು ಸಾಲನ್ನೂ ತಿರುಗಿ ಹೇಳಿದಳು. ಉದ್ದವಾದದ್ದನ್ನು ಕತ್ತರಿಸಲಿಲ್ಲ, ಕುಂಟಿದ್ದನ್ನು ನೆಟ್ಟಗೆ ಮಾಡಲಿಲ್ಲ. ಚಿಕ್ಕಗೌರಮ್ಮ ಹೇಗೆ ಹೇಳಿದಳೋ ಹಾಗೆಯೇ, ಒಂದಕ್ಷರ ಬಿಡದೆ.

ಕೇಳುತ್ತ ಚಿಕ್ಕಗೌರಮ್ಮನ ಮುಖ ಕೆಂಪಾಯಿತು. "ಅದೇನೋ ಬಾಯಿಗೆ ಬಂತು," ಅಂದಳು ಭೈರಮ್ಮನಿಗೆ, ತಪ್ಪು ಮಾಡಿದವಳ ಹಾಗೆ.

"ಬರ್ಲಿ ಬುಡು," ಅಂದಳು ಭೈರಮ್ಮ. "ನಮಗೂ ಹಂಗೇ ಬರೋದು."

"ಎದುರು ಪದ ಹೇಳೇ ತಿಮ್ಮಕ್ಕ!" ಎಂದು ಯಾರೋ ಕೂಗಿದರು. ತಿಮ್ಮಕ್ಕ ತಲೆಯಾಡಿಸಿದಳು. ಅವತ್ತು ಅವಳಿಗೆ ಬರಲಿಲ್ಲ. ಬಂದಿದ್ದರೂ ಹೇಳುತ್ತಿರಲಿಲ್ಲವೋ ಏನೋ. ಕೊನೆಯ ಪದ ಚಿಕ್ಕಗೌರಮ್ಮನದೇ ಆಗಿರಲಿ ಎಂದು. ರಂಗಮ್ಮ ಆ ಹೊತ್ತಿಗಾಗಲೇ ಅಡುಗೆ ಮನೆಯಿಂದ ಒಬ್ಬಟ್ಟಿನ ತಟ್ಟೆ ತಂದು ಬೀಗಿತ್ತಿಯ ಮುಂದೆ ಹಿಡಿದಿದ್ದಳು, ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗದ ಹಾಗೆ.

ಆಷಾಢ ಹುಟ್ಟಿದ ಮೂರನೆಯ ದಿನ ಸರ್ವಮಂಗಳ ಮೈದುನನ ಜೊತೆ ಬಸ್ಸಿಳಿದಳು. ತಾಯಿಯ ಮನೆಯಲ್ಲಿ ಚೀಲ ಇಟ್ಟು, ಕಾಲು ತೊಳೆದು, ಸೀದಾ ಚಿಕ್ಕವ್ವನ ಕೊಟ್ಟಿಗೆಗೆ ಬಂದಳು. ತಿಮ್ಮಕ್ಕ ಎಮ್ಮೆಯ ಕೆಳಗಿನ ಸಗಣಿ ಬಾಚುತ್ತಿದ್ದಳು. ರಾತ್ರಿಯೆಲ್ಲ ಸೋನೆ ಹಿಡಿದು ನೆಲ ಕೆಸರಾಗಿತ್ತು.

"ಒಳಗೆ ಬರಬ್ಯಾಡ, ಸೀರೆ ಹೊಸದು."

"ಇರ್ಲಿ ಬುಡು ಚಿಕ್ಕವ್ವ." ಸರ್ವಮಂಗಳ ಸೆರಗು ಸೊಂಟಕ್ಕೆ ಸಿಕ್ಕಿಸಿ ಪೊರಕೆ ತೆಗೆದುಕೊಂಡಳು. "ಅತ್ತೆ ಒಂದು ಸಾಲು ಹೇಳಿ ಕಳಿಸವ್ರೆ. ಎರಡ್ನೇದು ಎಷ್ಟು ದಿನ ಆದ್ರೂ ಬರ್ತಿಲ್ವಂತೆ. ಭೈರಮ್ಮತ್ತೆ ಹೇಳ್ಕೊಡ್ತೀನಿ ಅಂದ್ರೆ ಬ್ಯಾಡ ಅಂದ್ರು. ನಿನ್ನ ಕೇಳು ಅಂದ್ರು."

"ಹೇಳು ಮತ್ತೆ. ಕೈ ಮಾತ್ರ ನಿಲ್ಲಿಸ್ಬೇಡ."

ಸರ್ವಮಂಗಳ ಗುಡಿಸುತ್ತಲೇ ಹೇಳಿದಳು:

ಮನೆ ತುಂಬ ಮಂದಿ ಇದ್ದರೂ ಒಲೆ ಮುಂದೆ ನಾನೊಬ್ಬಳೆ

ತಿಮ್ಮಕ್ಕ ಬಾಚುವುದನ್ನು ನಿಲ್ಲಿಸಿ, ಆ ಸಾಲನ್ನು ಮೆಲ್ಲಗೆ ತಿರುಗಿ ಹೇಳಿದಳು. ಇನ್ನೊಂದು ಸಲ ಹೇಳಿದಳು.

"ಇದಕ್ಕೆ ನಾನೇನು ಹೇಳ್ಕೊಡ್ಲವ್ವ. ಎರಡ್ನೇದು ಅವರಿಗೇ ಬತ್ತದೆ, ಕಾಯ್ಲಿ ಅಂತ ಹೇಳು. ಚೆನ್ನಾಗೈತೆ ಅಂತ ಮೊದ್ಲು ಹೇಳು. ಮರೀಬ್ಯಾಡ." ಎಮ್ಮೆಯನ್ನು ಹೆಗಲಿನಿಂದ ಆಚೆಗೆ ದೂಡಿದಳು. "ಸರಿ ಅತ್ಲಾಗೆ... ಆ ಮೂಲೇದು ಹಂಗೇ ಉಳೀತು ನೋಡು."

ಸರ್ವಮಂಗಳ ಮೂಲೆಯನ್ನು ಗುಡಿಸಿದಳು. ತಿಮ್ಮಕ್ಕ ಸಗಣಿಯನ್ನು ಮಂಕರಿಗೆ ತುಂಬಿದಳು. ಇಬ್ಬರೂ ಒಂದೊಂದು ಬದಿ ಹಿಡಿದು ಎತ್ತಿ, ಜಾರುವ ಅಂಗಳದಲ್ಲಿ ಹೆಜ್ಜೆ ಊರಿಕೊಂಡು ತಿಪ್ಪೆಯ ಕಡೆಗೆ ನಡೆದರು.